ದೆವ್ವ ವೀಲ್‌ಚೇರ್‌ನಲ್ಲಿಲ್ಲ: ಸಣ್ಣ ಬಜೆಟ್ ಹಾರರ್‌ನಲ್ಲಿ ಅಂಗವಿಕಲ ಪಾತ್ರ ಕಟ್ಟುವ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಹಾರರ್ ಕಿರುಚಿತ್ರದಲ್ಲಿ ದೆವ್ವ ಒಂದು ಕಾಲು ಎಳೆದುಕೊಂಡು ನಡೆಯುತ್ತಿತ್ತು. ಯಾಕೆ ಅಂತ ತಂಡದಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಮರದ ನೆಲದ ಮೇಲೆ ಕಾಲೆಳೆದರೆ ಸದ್ದು ಚೆನ್ನಾಗಿ ಬರುತ್ತೆ, ಅಷ್ಟೇ. ಚಿತ್ರ ನೋಡಿದ ಮೇಲೆ ಕ್ರಚಸ್ ಹಿಡಿದು ಓಡಾಡುವ ಗೆಳೆಯನೊಬ್ಬ ಕೇಳಿದ: "ಅಲ್ಲಯ್ಯಾ, ನಿನ್ನ ದೆವ್ವಕ್ಕೆ ಕಾಲು ಸರಿ ಇಲ್ಲ. ಆದ್ರೂ ಮೂರು ಮಹಡಿ ಮೆಟ್ಟಿಲು ಹತ್ಕೊಂಡು ಬರುತ್ತೆ. ನಾನಾಗಿದ್ರೆ ಮೊದಲು ಲಿಫ್ಟ್ ಎಲ್ಲಿ ಅಂತ ನೋಡ್ತಿದ್ದೆ."

ಎಲ್ಲರೂ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ ನನಗೆ ಆ ಮಾತು ಬಿಡಲಿಲ್ಲ. ದೆವ್ವದ ಕಾಲಿಗೆ ಕಥೆಯಲ್ಲಿ ಯಾವ ಕೆಲಸವೂ ಇರಲಿಲ್ಲ. ಅದೊಂದು ಸೌಂಡ್ ಎಫೆಕ್ಟ್. ಅವನು ಸುಮ್ನೆ ಹೇಳಿದ ಲಿಫ್ಟ್‌ನಲ್ಲಿ ಒಂದಿಡೀ ಹಾರರ್ ಸಿನಿಮಾ ಇತ್ತು.

ಅಲ್ಲಿಂದ ಮುಂದೆ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಭಯವನ್ನು ಪಾತ್ರದ ದೇಹದಿಂದ ತೆಗೆದು ಅದರ ಸುತ್ತ ಇರುವ ಬಾಗಿಲು, ಮೆಟ್ಟಿಲು, ಮನುಷ್ಯರ ಒಳಗೆ ಇಡುವುದು. ಇದರಲ್ಲಿ ಅರ್ಧ ಕೆಲಸ ಸ್ಕ್ರಿಪ್ಟ್‌ನಲ್ಲಿ ಆಗುತ್ತೆ. ಉಳಿದರ್ಧ ಲೊಕೇಶನ್, ಶೆಡ್ಯೂಲ್, ಎಡಿಟಿಂಗ್ ಟೇಬಲ್ ಮೇಲೆ. ಕೈಯಲ್ಲಿ ದುಡ್ಡು ಕಡಿಮೆ, ಜನ ಕಡಿಮೆ, ಆದರೂ ಸರಿಯಾಗಿ ಮಾಡಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲಿಗೆ ಪದದ ವಿಷಯ. 'ಅಂಗವಿಕಲ', 'ವಿಕಲಚೇತನ', 'ವಿಶೇಷ ಚೇತನ' ಮೂರೂ ಬಳಕೆಯಲ್ಲಿವೆ. ಕೆಲವರಿಗೆ 'ವಿಶೇಷ' ಅನ್ನಿಸಿಕೊಳ್ಳುವುದು ಸುತರಾಂ ಇಷ್ಟವಿಲ್ಲ, ಕೆಲವರಿಗೆ ಇಷ್ಟ. ನಿಮ್ಮ ಜೊತೆ ಕೆಲಸ ಮಾಡುವವರನ್ನೇ ಕೇಳಿ, ಅವರು ಹೇಳಿದ್ದನ್ನು ಬಳಸಿ. ಸಂಭಾಷಣೆಯಲ್ಲಿ ಗೊತ್ತಿಲ್ಲದೆ ನುಸುಳುವ 'ಕುರುಡು ನಂಬಿಕೆ', 'ಜಾಣ ಕಿವುಡು', 'ಕುಂಟು ನೆಪ' ಇವನ್ನೂ ಒಮ್ಮೆ ಗುರುತು ಹಾಕಿಕೊಳ್ಳಿ. ಪಾತ್ರ ಬೇಕಂತಲೇ ಹಾಗೆ ಮಾತಾಡಿದರೆ ಇರಲಿ. ನಿಮ್ಮ ಕೈತಪ್ಪಿ ಬಂದಿದ್ದರೆ ತೆಗೆಯಿರಿ.

1. ಹಳೇ ಚಾಳಿ ಗುರುತಿಸಿ

ಹಾರರ್‌ಗೂ ಅಂಗವೈಕಲ್ಯಕ್ಕೂ ನಂಟು ಮೂಕಿ ಚಿತ್ರಗಳ ಕಾಲದ್ದು. ಆ ಕಾಲದ ದೊಡ್ಡ ಹೆಸರು ಹಾಲಿವುಡ್ ನಟ ಲಾನ್ ಚೇನಿ. ಅವನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಕೈಯಲ್ಲಿ, ಮುಖದಲ್ಲಿ ಮಾತಾಡಿಕೊಂಡು ಬೆಳೆದ ಹುಡುಗ. ಮಾತಿಲ್ಲದೆ ಎಲ್ಲವನ್ನೂ ಹೇಳುವ ಆ ವಿದ್ಯೆ ಮನೆಯಿಂದಲೇ ಬಂದದ್ದು. ಅದನ್ನೇ ಇಟ್ಟುಕೊಂಡು 1923ರಲ್ಲಿ ನಾಟ್ರ ಡಾಮ್‌ನ ಗೂನುಬೆನ್ನಿನ ಗಂಟೆಯಾಳಾದ, 1925ರಲ್ಲಿ 'ದಿ ಫ್ಯಾಂಟಮ್ ಆಫ್ ದಿ ಆಪೆರಾ'ದ ವಿಕಾರ ಮುಖದ ಫ್ಯಾಂಟಮ್ ಆದ. ಕಿವಿ ಕೇಳದವರ ಮನೆಯಿಂದ ಬಂದ ಕಲೆ, ತೆರೆಯ ಮೇಲೆ ವಿಕಾರ ದೇಹಗಳಿಗೆ ದುಡಿಯಿತು. ವಿಚಿತ್ರ ಅಲ್ವಾ?

1932ರ 'ಫ್ರೀಕ್ಸ್' ಇನ್ನೂ ಗೋಜಲು. ನಿರ್ದೇಶಕ ಟಾಡ್ ಬ್ರೌನಿಂಗ್ ನಿಜವಾದ ಸರ್ಕಸ್ ಸೈಡ್‌ಶೋ (ಸಾಮಾನ್ಯಕ್ಕಿಂತ ಬೇರೆ ದೇಹದವರನ್ನು ಜನಕ್ಕೆ ತೋರಿಸುವ ಪ್ರದರ್ಶನ) ಕಲಾವಿದರನ್ನೇ ಹಾಕಿಕೊಂಡ. ಸ್ಟುಡಿಯೋ ಹೆದರಿ ಸುಮಾರು 90 ನಿಮಿಷದ ಚಿತ್ರವನ್ನು 64 ನಿಮಿಷಕ್ಕೆ ಕತ್ತರಿಸಿತು. ಬ್ರಿಟನ್‌ನಲ್ಲಿ ಸುಮಾರು 30 ವರ್ಷ ನಿಷೇಧ ಇತ್ತು. ಅದರಲ್ಲಿ ಒಂದು ಚಿಕ್ಕ ತುಣುಕಿದೆ. ಕೈಕಾಲು ಎರಡೂ ಇಲ್ಲದ ಕಲಾವಿದನೊಬ್ಬ ಬಾಯಲ್ಲೇ ಕಡ್ಡಿ ಗೀರಿ ಸಿಗರೇಟು ಹಚ್ಚಿಕೊಳ್ಳುತ್ತಾನೆ. ಅವನಿಗದು ದಿನದ ಕೆಲಸ. ಪಕ್ಕದವನು ಅದನ್ನು ನೋಡುವುದೂ ಇಲ್ಲ, ತನ್ನ ಸರ್ಕಸ್ ಕಥೆ ಹೇಳಿಕೊಂಡೇ ಇರುತ್ತಾನೆ. ಅದೇ ಚಿತ್ರ ಕೊನೆಗೆ ಅದೇ ಜನರನ್ನು ಮಳೆಯ ಕೆಸರಲ್ಲಿ ಚಾಕು ಹಿಡಿದು ತೆವಳಿಸುತ್ತದೆ. ಮೊದಲ ಭಾಗ ನೋಡಿ ಕಲಿಯಿರಿ. ಕೊನೆಯ ಭಾಗ ನೋಡಿ ಏನು ಮಾಡಬಾರದು ಅಂತ ಬರೆದುಕೊಳ್ಳಿ.

ಇದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. 2020ರಲ್ಲಿ ಬಂದ 'ದಿ ವಿಚಸ್' ಚಿತ್ರದಲ್ಲಿ ಮಾಟಗಾತಿಯರ ಕೈಯಲ್ಲಿ ಕೆಲವು ಬೆರಳುಗಳೇ ಇರಲಿಲ್ಲ. ಮೂಲ ಪುಸ್ತಕದಲ್ಲಿ ಅವರಿಗಿದ್ದದ್ದು ಉಗುರಿನ ಜಾಗದಲ್ಲಿ ಬೆಕ್ಕಿನಂಥ ಪಂಜ. ಹುಟ್ಟಿನಿಂದಲೇ ಬೆರಳು ಕಡಿಮೆ ಇರುವ ಜನ ಆ ಕೈ ನೋಡಿ ತಮ್ಮ ಕೈ ನೋಡಿಕೊಂಡರು. ಸ್ಟುಡಿಯೋ ಕ್ಷಮೆ ಕೇಳಿತು, ಮುಖ್ಯ ನಟಿ ಆ್ಯನ್ ಹ್ಯಾಥವೇ ಕೂಡ ಕೇಳಿದಳು. ಅದಕ್ಕೂ ಎರಡು ವರ್ಷ ಮೊದಲು, 2018ರಲ್ಲಿ, ಮುಖದ ಗಾಯದ ಗುರುತನ್ನೇ ಖಳನ ಗುರುತು ಮಾಡುವ ಚಿತ್ರಗಳಿಗೆ ಹಣ ಕೊಡುವುದಿಲ್ಲ ಅಂತ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹೇಳಿತ್ತು.

ನಿಮ್ಮ ಸ್ಕ್ರಿಪ್ಟ್ ತೆರೆದಿಟ್ಟು ಹುಡುಕಿ. ಮುಖದ ಕಲೆ ಕಂಡ ಕೂಡಲೇ ಇವನೇ ಕೆಟ್ಟವನು ಅಂತ ಗೊತ್ತಾಗುತ್ತಾ? ಆಸ್ಪತ್ರೆಯಿಂದ ತಪ್ಪಿಸಿಕೊಂಡ 'ಹುಚ್ಚ' ಇದ್ದಾನಾ? ಕಣ್ಣು ಕಾಣದ ಮುದುಕಿಗೆ ದೆವ್ವ ಮಾತ್ರ ಕಾಣುತ್ತಾ? ವೀಲ್‌ಚೇರ್‌ನಲ್ಲಿರುವವನು ಅಯ್ಯೋ ಅನ್ನಿಸಿಕೊಂಡು ಮೊದಲೇ ಸಾಯುತ್ತಾನಾ? ಈ ಪೈಕಿ ಹೆಚ್ಚು ಹಾನಿ ಮಾಡುವುದು ಎರಡನೆಯದು ಅಂತ ನನ್ನ ಲೆಕ್ಕ. ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಸಿಕ್ಕಿಕೊಳ್ಳುವುದೇ ಜಾಸ್ತಿ. ಸಿನಿಮಾ ದಶಕಗಳಿಂದ ಇದನ್ನು ತಲೆಕೆಳಗು ಮಾಡಿ ತೋರಿಸಿದೆ. ಕೊನೆಯ ಟ್ವಿಸ್ಟ್‌ನಲ್ಲಿ ರೋಗದ ಹೆಸರು ಬಂದರೆ ಅದು ಟ್ವಿಸ್ಟ್ ಅಲ್ಲ, ಸೋಮಾರಿತನ.

ಒಂದು ಪರೀಕ್ಷೆ ನನಗೆ ಸದಾ ಕೆಲಸಕ್ಕೆ ಬರುತ್ತೆ. ಸ್ಕ್ರಿಪ್ಟ್‌ನ ಒಂದು ಪ್ರತಿಯಲ್ಲಿ ಅಂಗವೈಕಲ್ಯವನ್ನು ಪೂರ್ತಿ ಅಳಿಸಿ ಓದಿ. ಏನೂ ಬದಲಾಗದಿದ್ದರೆ ಅದು ಬರೀ ಅಲಂಕಾರ. ಭಯವೆಲ್ಲ ಹೊರಟೇ ಹೋದರೆ ನೀವು ದೇಹವನ್ನೇ ರಾಕ್ಷಸ ಮಾಡಿದ್ದೀರಿ. ಭಯ ಉಳಿದು, ಆದರೆ ಪಾತ್ರ ತಪ್ಪಿಸಿಕೊಳ್ಳುವ ದಾರಿ, ಯೋಚಿಸುವ ಕ್ರಮ, ಮನೆಯ ನಕ್ಷೆ ಬದಲಾದರೆ ಕಥೆ ಸರಿದಾರಿಯಲ್ಲಿದೆ.

2. ಭಯಕ್ಕೆ ಹೊಸ ಜಾಗ ಹುಡುಕಿ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಕಣ್ಣು ಕಾಣದ ಹೆಂಗಸು, ಮನೆಯಲ್ಲಿ ಒಬ್ಬಳೇ. ಇಷ್ಟು ಹೇಳಿದರೆ ಹತ್ತರಲ್ಲಿ ಒಂಬತ್ತು ಜನ ಬರೆಯುವುದು ಒಂದೇ ದೃಶ್ಯ: ಹಿಂದೆ ಯಾರೋ ನಿಂತಿದ್ದಾರೆ, ಅವಳಿಗೆ ಗೊತ್ತಿಲ್ಲ. ಇಲ್ಲಿ ಪ್ರೇಕ್ಷಕ ಅವಳಿಗಿಂತ ಜಾಣ, ಅವಳು ಪೆದ್ದಿ. ಭಯ ಅವಳದ್ದಲ್ಲ, ನಮ್ಮದು.

ಈಗ ಹೀಗೆ ನೋಡಿ. ಅವಳು ಅದೇ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಬಾಗಿಲಿಂದ ಮೇಜಿಗೆ ಆರು ಹೆಜ್ಜೆ. ಮೇಜಿನ ಮೂಲೆಗೆ ಎಡಗೈ ತಾಗಿಸಿದರೆ ಅಲ್ಲಿಂದ ಅಡುಗೆಮನೆ ನಾಲ್ಕು ಹೆಜ್ಜೆ. ಅವಳು ಒಳಗೆ ಬರುತ್ತಾಳೆ, ಬೀಗ ಹಾಕುತ್ತಾಳೆ, ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಾ ನಡೆಯುತ್ತಾಳೆ. ಐದನೇ ಹೆಜ್ಜೆಗೇ ಮೇಜು ಸೊಂಟಕ್ಕೆ ತಗಲುತ್ತದೆ. ಮಾತು ನಿಲ್ಲುತ್ತದೆ. ಅಕ್ಕ "ಹಲೋ, ಹಲೋ" ಅನ್ನುತ್ತಿದ್ದಾಳೆ. ಇವಳು ಫೋನ್ ಕಿವಿಯಿಂದ ಇಳಿಸಿ, ಬಗ್ಗಿ, ಕಾರ್ಪೆಟ್ ಮೇಲೆ ಮೇಜಿನ ಕಾಲು ಊರಿದ್ದ ಹಳೇ ತಗ್ಗನ್ನು ಬೆರಳಲ್ಲಿ ಹುಡುಕುತ್ತಾಳೆ. ತಗ್ಗು ಇದೆ. ಮೇಜಿನ ಕಾಲು ಅಲ್ಲಿಲ್ಲ. ಅಲ್ಲಿಂದ ಒಂದು ಗೇಣು ಈಚೆ ಇದೆ.

ಮನೆಯ ಕೀಲಿ ಇರುವುದು ಅವಳ ಹತ್ತಿರ ಮಾತ್ರ.

ಈ ದೃಶ್ಯಕ್ಕೆ ಒಂದು ಮೇಜು, ಒಂದು ಕಾರ್ಪೆಟ್, ಒಬ್ಬ ನಟಿ ಸಾಕು. ದೆವ್ವದ ಮೇಕಪ್ ಬೇಡ. ಏನೋ ತಪ್ಪಾಗಿದೆ ಅಂತ ಪ್ರೇಕ್ಷಕನಿಗಿಂತ ಮೊದಲು ಅವಳಿಗೇ ಗೊತ್ತಾಗುತ್ತೆ. ನಾವು ಅವಳ ಹಿಂದೆ ಓಡಬೇಕು. ದೀಪ ಆರಿಸಿ ಹೆದರಿಸುವ ಹಳೇ ಆಟ ಇಲ್ಲಿ ನಡೆಯುವುದೇ ಇಲ್ಲ, ಅವಳಿಗೆ ಕರೆಂಟ್ ಹೋದರೆಷ್ಟು ಬಂದರೆಷ್ಟು. ಒಳಗೆ ಬಂದಿರುವವನಿಗೆ ಮಾತ್ರ ಕತ್ತಲಾಗುತ್ತೆ.

ಇದೇ ರೀತಿ ಉಳಿದ ಪಾತ್ರಗಳನ್ನೂ ಯೋಚಿಸಿ. ಕಿವಿ ಕೇಳದವರ ಮನೆಯಲ್ಲಿ ಕಾಲಿಂಗ್ ಬೆಲ್ ಒತ್ತಿದರೆ ದೀಪ ಮಿನುಗುವಂತೆ ಮಾಡಿರುತ್ತಾರೆ. ರಾತ್ರಿ ಮೂರಕ್ಕೆ ಆ ದೀಪ ಮಿನುಗುತ್ತದೆ. ಹೋಗಿ ನೋಡಿದರೆ ಯಾರೂ ಇಲ್ಲ. ಬಾಗಿಲು ಹಾಕಿ ತಿರುಗಿದರೆ ದೀಪ ಮತ್ತೆ ಮಿನುಗುತ್ತದೆ. ಇನ್ನೊಂದು: ಪೊಲೀಸ್ ಠಾಣೆಯಲ್ಲಿ ಅವಳು ಸನ್ನೆ ಭಾಷೆಯಲ್ಲಿ ಹೇಳಿದ್ದನ್ನು ದುಭಾಷಿ ಬೇರೆಯೇ ಏನೋ ಮಾಡಿ ಹೇಳುತ್ತಿದ್ದಾನೆ. ಅವಳು ಅವನ ತುಟಿ ಓದಿ ಅದನ್ನು ಅರ್ಥ ಮಾಡಿಕೊಳ್ಳುತ್ತಾಳೆ. ಎದುರಿಗಿರುವ ಅಧಿಕಾರಿ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದಾನೆ. ನನಗಂತೂ ಇದು ಯಾವ ದೆವ್ವಕ್ಕಿಂತಲೂ ಜಾಸ್ತಿ ಭಯ.

ಹೊರಗೆ ಕಾಣದ ತೊಂದರೆಗಳೂ ಇವೆ. ವರ್ಷಗಟ್ಟಲೆ ನೋವು ಇರುವವರು ಎಷ್ಟು ಹೇಳಿದರೂ ಸುತ್ತಲಿನವರು "ಅದೆಲ್ಲ ನಿನ್ನ ಮನಸ್ಸಲ್ಲಿದೆ" ಅನ್ನುತ್ತಾರೆ. ಹಾರರ್‌ನ ಹಳೆಯ ಕಥೆ ಇದೇ ಅಲ್ವಾ, ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ಅವಳು ವರ್ಷಗಳಿಂದ ಅದನ್ನೇ ಬದುಕುತ್ತಿದ್ದಾಳೆ. ದೆವ್ವ ಬಂದದ್ದು ಈಗ.

ಒಂದು ತಪ್ಪು ಅರ್ಥ ಬೇಡ. ಅಂಗವಿಕಲ ಪಾತ್ರ ಒಳ್ಳೆಯವರೇ ಆಗಿರಬೇಕು ಅಂತ ನಾನು ಹೇಳುತ್ತಿಲ್ಲ. ಅವರು ಸುಳ್ಳು ಹೇಳಲಿ, ಕೊಲೆ ಮಾಡಲಿ, ದೆವ್ವವೂ ಆಗಲಿ. ಆದರೆ ಕೊಲೆಗೆ ಕಾರಣ ಆಸೆಯೋ ಹಗೆಯೋ ಇರಲಿ. ಬೆನ್ನುಮೂಳೆಯಲ್ಲಿ ಕಾರಣ ಹುಡುಕಬೇಡಿ. ಒಂದೇ ಚಿತ್ರದಲ್ಲಿ ಇಬ್ಬರು ಅಂಗವಿಕಲ ಪಾತ್ರ ಇದ್ದರೆ ಈ ಸಮಸ್ಯೆ ಎಷ್ಟೋ ಸಡಿಲವಾಗುತ್ತೆ. ಆಗ ಒಬ್ಬರ ಮೇಲೆ ಇಡೀ ಸಮುದಾಯದ ಭಾರ ಬೀಳುವುದಿಲ್ಲ.

3. ಓದುವವರನ್ನು ಮೊದಲೇ ಕರೆಯಿರಿ, ದುಡ್ಡು ಕೊಡಿ

ಮೇಜಿನ ದೃಶ್ಯದ ಮೊದಲ ಡ್ರಾಫ್ಟ್‌ನಲ್ಲಿ ಇನ್ನೊಂದು ತುಣುಕಿತ್ತು. ಹೊಸಬರು ಬಂದಾಗ ಆಕೆ ಅವರ ಮುಖವನ್ನು ಬೆರಳಲ್ಲಿ ಸವರಿ ಗುರುತು ಹಿಡಿಯುತ್ತಾಳೆ. ಕಣ್ಣು ಕಾಣದ ಲೇಖಕಿಯೊಬ್ಬರಿಗೆ ಓದಿಸಿದೆ. ಅವರು ನಕ್ಕು, "ನನ್ನ ಜೀವನದಲ್ಲಿ ಗಂಡನ ಮುಖ ಬಿಟ್ಟು ಯಾರ ಮುಖಾನೂ ಮುಟ್ಟಿಲ್ಲಪ್ಪ" ಅಂದರು. ತುಣುಕು ಹೋಯಿತು. ಕಾರ್ಪೆಟ್ ಮೇಲಿನ ತಗ್ಗು ಬಂದದ್ದು ಅವರಿಂದಲೇ. ನಾನು ಎಷ್ಟು ಯೋಚಿಸಿದ್ದರೂ ಅದು ನನಗೆ ಹೊಳೆಯುತ್ತಿರಲಿಲ್ಲ.

ಸಲಹೆಗಾರರನ್ನು ಎಡಿಟ್ ಮುಗಿದ ಮೇಲೆ ಕರೆದು "ಇದರಲ್ಲಿ ಏನಾದ್ರೂ ತಪ್ಪಿದೆಯಾ" ಅಂತ ಕೇಳುವುದು ಬರೀ ಮೊಹರು ಹಾಕಿಸಿಕೊಳ್ಳುವ ಕೆಲಸ. ಕಥೆ ಒಂದು ಪುಟ ಇರುವಾಗಲೇ ಕರೆಯಿರಿ. ಸಂಭಾವನೆ ಎಷ್ಟು, ಯಾವಾಗ ಅಂತ ಮೊದಲೇ ಹೇಳಿ. ಹೆಸರು ಟೈಟಲ್‌ನಲ್ಲಿ ಹೇಗೆ ಬರುತ್ತೆ ಅಂತಲೂ ಹೇಳಿ. ಪಾತ್ರದ ಅರ್ಧ ಅವರಿಂದ ಬಂದಿದ್ದರೆ 'ಕೃತಜ್ಞತೆಗಳು' ಪಟ್ಟಿಯಲ್ಲಿ ಹಾಕಬೇಡಿ, ಸಹ ಬರಹಗಾರರು ಅಂತ ಹಾಕಿ. ಹಾಗೆಯೇ, ಒಬ್ಬರು ಹೇಳಿದ್ದು ಎಲ್ಲರ ಮಾತಲ್ಲ. ಹುಟ್ಟಿನಿಂದ ಕಣ್ಣು ಕಾಣದವರಿಗೂ ನಲವತ್ತರಲ್ಲಿ ದೃಷ್ಟಿ ಹೋದವರಿಗೂ ಅದೇ ಮನೆ ಬೇರೆ ಬೇರೆ. ನಿಮ್ಮ ಪಾತ್ರ ಯಾರು ಅಂತ ನೀವು ಖಚಿತ ಮಾಡಿಕೊಂಡು ಅದಕ್ಕೆ ಹತ್ತಿರದವರನ್ನು ಹುಡುಕಿ.

4. ನಟರ ಆಯ್ಕೆ

ನನ್ನ ನಿಲುವು ನೇರ: ಅಂಗವಿಕಲ ಪಾತ್ರಕ್ಕೆ ಅಂಗವಿಕಲ ನಟರು. ಆ ಪಾತ್ರಗಳಲ್ಲೂ ಅವರಿಗೆ ಅವಕಾಶ ಸಿಗದಿದ್ದರೆ ಇನ್ನೆಲ್ಲಿ ಸಿಗುತ್ತೆ? ಇದರಿಂದ ಸಿನಿಮಾ ಕೂಡ ಸುಧಾರಿಸುತ್ತೆ. 2018ರ 'ಎ ಕ್ವಯಟ್ ಪ್ಲೇಸ್'ನಲ್ಲಿ ಮಗಳ ಪಾತ್ರ ಮಾಡಿದ ಮಿಲಿಸೆಂಟ್ ಸಿಮಂಡ್ಸ್‌ಗೆ ನಿಜವಾಗಿಯೂ ಕಿವಿ ಕೇಳುವುದಿಲ್ಲ. ಸದ್ದು ಕೇಳಿ ಬೇಟೆಯಾಡುವ ಜೀವಿಗಳ ಕಥೆ ಅದು, ಹಾಗಾಗಿ ಇಡೀ ಕುಟುಂಬ ಸನ್ನೆ ಭಾಷೆಯಲ್ಲಿ ಮಾತಾಡುವುದು ಅಲ್ಲಿ ಬದುಕುಳಿಯುವ ವಿದ್ಯೆ. 2020ರ ಥ್ರಿಲ್ಲರ್ 'ರನ್'ನಲ್ಲಿ ವೀಲ್‌ಚೇರ್ ಬಳಸುವ ಹುಡುಗಿಯಾಗಿ ಬಂದ ಕಿಯೆರಾ ಆ್ಯಲನ್ ತೆರೆಯ ಹೊರಗೂ ವೀಲ್‌ಚೇರ್ ಬಳಸುತ್ತಾಳೆ. ಮುಖ್ಯ ಪಾತ್ರಕ್ಕೆ ಹೆಸರಾಂತ ಸ್ಟಾರೇ ಬೇಕು ಅನ್ನುವ ಒತ್ತಡ ದೊಡ್ಡ ಚಿತ್ರಗಳಿಗೆ. ಸಣ್ಣ ಚಿತ್ರಕ್ಕೆ ಆ ನೆಪವೂ ಇಲ್ಲ.

ಕಾಸ್ಟಿಂಗ್ ಕಾಲ್‌ನಲ್ಲಿ 'ಎಲ್ಲರಿಗೂ ಸ್ವಾಗತ' ಅಂತ ಬರೆದರೆ ಯಾರೂ ಬರುವುದಿಲ್ಲ. ಜಾಗಕ್ಕೆ ಮೆಟ್ಟಿಲಿದೆಯೋ ಇಲ್ಲವೋ, ದುಭಾಷಿ ಇರುತ್ತಾರೋ, ಸಂಭಾಷಣೆಯ ಪುಟ ಎಷ್ಟು ದಿನ ಮೊದಲು ಕೊಡುತ್ತೀರಿ, ವಿಡಿಯೋ ಆಡಿಷನ್ ಕಳಿಸಬಹುದಾ, ಇವನ್ನು ಬರೆಯಿರಿ. ಪುಟವನ್ನು ಫೋಟೋ ತೆಗೆದು ಕಳಿಸಬೇಡಿ. ಕಣ್ಣು ಕಾಣದವರಿಗೆ ಪರದೆಯ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಫೋಟೋದೊಳಗಿನ ಅಕ್ಷರ ಓದಲು ಕಷ್ಟ, ಟೈಪ್ ಮಾಡಿದ ಫೈಲ್ ಕಳಿಸಿ. ಆಡಿಷನ್‌ನಲ್ಲಿ "ನಿಮಗೆ ಏನಾಗಿದೆ?" ಅನ್ನುವ ಪ್ರಶ್ನೆ ಬೇಡ. "ಕೆಲಸ ಮಾಡಲು ಏನೇನು ಬೇಕು?" ಅಂತ ಕೇಳಿ. ಇದೇ ಪ್ರಶ್ನೆಯನ್ನು ಇಡೀ ತಂಡಕ್ಕೂ ಕೇಳಿ. ಬೆನ್ನುನೋವಿನ ಬಗ್ಗೆ ಬಾಯಿಬಿಡದೆ ವರ್ಷಗಟ್ಟಲೆ ಬೂಮ್ (ಉದ್ದ ಕೋಲಿನ ಮೈಕ್) ಹಿಡಿದ ಸೌಂಡ್ ರೆಕಾರ್ಡಿಸ್ಟ್ ಕೂಡ ಆಗ ಮಾತಾಡುತ್ತಾರೆ.

5. ಲೊಕೇಶನ್: ಫೋನಿನಲ್ಲಿ ಕೇಳಬೇಡಿ, ಟೇಪ್ ಹಿಡಿದು ಹೋಗಿ

ವೀಲ್‌ಚೇರ್ ಬಳಸುವ ನಟಿಯ ಜೊತೆ ಮೊದಲ ಸಲ ಶೂಟ್ ಮಾಡಿದಾಗ ಒಂದು ಹಳೇ ಕಟ್ಟಡ ಗೊತ್ತು ಮಾಡಿದ್ದೆವು. ಫೋನ್ ಮಾಡಿ "ಲಿಫ್ಟ್ ಇದೆಯಾ?" ಅಂತ ಕೇಳಿದೆ. "ಇದೆ ಸಾರ್" ಅಂದರು. ಬೆಳಿಗ್ಗೆ ಹೋಗಿ ನೋಡಿದರೆ ಲಿಫ್ಟ್ ಇತ್ತು. ಅದರ ಬಾಗಿಲಿಗೆ ಹೋಗಲು ನಾಲ್ಕು ಮೆಟ್ಟಿಲೂ ಇದ್ದವು. ನಮ್ಮ ಹುಡುಗರು ಚೇರ್ ಸಮೇತ ಎತ್ತಲು ಮುಂದಾದರು. ಆಕೆ ಬೇಡ ಅಂದರು. ಅವರದ್ದು ಬ್ಯಾಟರಿಯಲ್ಲಿ ಓಡುವ ಪವರ್ ವೀಲ್‌ಚೇರ್, ತುಂಬಾ ಭಾರ, ಕೈ ಜಾರಿದರೆ ಚೇರ್ ಹೋಗುತ್ತೆ, ಅವರ ಬೆನ್ನೂ ಹೋಗುತ್ತೆ. ಅರ್ಧ ದಿನ ಹಾಳಾಯಿತು. ತಪ್ಪು ಫೋನಿನ ಆ ಕಡೆಯವರದ್ದಲ್ಲ. ಕೇಳಿದ್ದಕ್ಕೆ ಅವರು ಸರಿಯಾಗೇ ಹೇಳಿದ್ದರು.

ಹಲಗೆ ಇಟ್ಟರಾಯಿತು ಅನ್ನುವವರಿಗೆ ಒಂದು ಲೆಕ್ಕ. ರ‍್ಯಾಂಪ್‌ಗೆ ಸಾಮಾನ್ಯವಾಗಿ ಒಪ್ಪುವ ಇಳಿಜಾರು 1:12. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. ಆ ನಾಲ್ಕು ಮೆಟ್ಟಿಲು ತಲಾ ಆರಿಂಚು ಅಂದರೆ ಒಟ್ಟು ಎರಡಡಿ. ರ‍್ಯಾಂಪ್ 24 ಅಡಿ ಬೇಕು. ಎಂಟಡಿ ಹಲಗೆ ಇಟ್ಟರೆ ಅದು ಜಾರುಬಂಡೆ.

ಬಾಗಿಲು ತೆರೆದಾಗ ಒಳಗಿನ ಅಗಲ ಕನಿಷ್ಠ 32 ಇಂಚು ಇದೆಯಾ ಅಳೆಯಿರಿ. ವೀಲ್‌ಚೇರ್ ಪೂರ್ತಿ ತಿರುಗಲು ಸುಮಾರು ಐದಡಿ ಜಾಗ ಬೇಕು, ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಇಟ್ಟ ಮೇಲೂ ಅಷ್ಟು ಉಳಿಯಬೇಕು. ಶೌಚಾಲಯವನ್ನು ಮೊದಲು ನೋಡಿ, ಆಮೇಲೆ ಚೆಂದದ ಗೋಡೆ ನೋಡಿ. ಬಳಸಲು ಆಗುವ ಶೌಚಾಲಯ ಇಲ್ಲದಿದ್ದರೆ ನಟರು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ, ನಿಮಗೆ ಹೇಳುವುದೂ ಇಲ್ಲ. ಈ ಖರ್ಚೆಲ್ಲ ಬಜೆಟ್ ಶೀಟ್‌ನಲ್ಲಿ ಮೊದಲ ದಿನದಿಂದಲೇ ಬೇರೆ ಸಾಲಾಗಿ ಇರಲಿ. 'ಇತರೆ'ಯಲ್ಲಿ ಹಾಕಿದ ದುಡ್ಡು ಮೂರನೇ ದಿನಕ್ಕೆ ಖಾಲಿಯಾಗಿರುತ್ತೆ.

6. ಸೆಟ್‌ನಲ್ಲಿ

ಹಾರರ್ ಸೆಟ್‌ನ ಮಾಮೂಲಿ ಸಾಮಾನುಗಳೇ ಇಲ್ಲಿ ತೊಂದರೆ ಕೊಡುತ್ತವೆ. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ನಕಲಿ ರಕ್ತದಿಂದ ಶುರು ಮಾಡೋಣ. ಸಕ್ಕರೆ ಪಾಕದ್ದಾದರೆ ನೆಲ ಮೊದಲು ಜಾರುತ್ತೆ, ಆಮೇಲೆ ಅಂಟುತ್ತೆ. ಕ್ರಚಸ್‌ನ ರಬ್ಬರ್ ತುದಿಗೆ ಜಾರುವ ನೆಲ ಅಪಾಯ. ಚಕ್ರ ತಳ್ಳುವ ರಿಮ್‌ಗೆ ಅಂಟಿದರೆ ಪ್ರತಿ ಸಲ ತಳ್ಳಿದಾಗಲೂ ಅಂಗೈ ಅಂಟಿಕೊಳ್ಳುತ್ತೆ. ರಕ್ತದ ಶಾಟ್‌ಗಳನ್ನು ದಿನದ ಕೊನೆಗೆ ಇಡಿ, ಪಕ್ಕದಲ್ಲೇ ಬಿಸಿನೀರು, ಬಟ್ಟೆ ಇಡಿ. ಮೇಕಪ್‌ನ ಲೇಟೆಕ್ಸ್ (ಒಂದು ಬಗೆಯ ರಬ್ಬರ್) ಬಗ್ಗೆ ಎಲ್ಲರನ್ನೂ ಕೇಳಿ. ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಕೂಡಿರದ ಸ್ಥಿತಿ) ಇರುವವರಲ್ಲಿ ಲೇಟೆಕ್ಸ್ ಅಲರ್ಜಿ ತುಂಬಾ ಸಾಮಾನ್ಯ, ಕೆಲವೊಮ್ಮೆ ಜೀವಕ್ಕೇ ಅಪಾಯ. ಸಿಲಿಕೋನ್ ಬಳಸಬಹುದು. ಬಲೂನು, ಗ್ಲೌಸ್ ಕೂಡ ಲೇಟೆಕ್ಸ್‌ನವೇ ಇರಬಹುದು, ಮರೆಯಬೇಡಿ. ಫಾಗ್ ಮಷೀನ್ ಉಸಿರಿನ ತೊಂದರೆ ಇರುವವರಿಗೆ ಆಗಿಬರುವುದಿಲ್ಲ, ಹಾಗಾಗಿ ಯಾವ ಶಾಟ್‌ನಲ್ಲಿ ಹೊಗೆ ಇದೆ ಅಂತ ಆ ದಿನದ ಕೆಲಸದ ಪಟ್ಟಿಯಾದ ಕಾಲ್ ಶೀಟ್‌ನಲ್ಲೇ ಬರೆಯಿರಿ. ಪಟಪಟ ಮಿನುಗುವ ಸ್ಟ್ರೋಬ್ ಲೈಟ್ ಹಾಕುವ ಮುಂಚೆ ಗಟ್ಟಿಯಾಗಿ ಹೇಳಿ, ಹೊರಗೆ ಹೋಗಬೇಕಾದವರು ಹೋಗಲಿ.

ರಾತ್ರಿ ಶೂಟ್ ಹಾರರ್‌ನವರಿಗೆ ಚಟ. ಆದರೆ ಮನೆಯೊಳಗಿನ ರಾತ್ರಿಗೆ ರಾತ್ರಿಯೇ ಬೇಕಿಲ್ಲ. ಕಿಟಕಿಗೆ ಹೊರಗಿನಿಂದ ದಪ್ಪ ಕಪ್ಪು ಬಟ್ಟೆ ಕಟ್ಟಿ ಹಗಲು ಹನ್ನೊಂದಕ್ಕೆ ನಡುರಾತ್ರಿ ತೆಗೆಯಬಹುದು. ಮಾತ್ರೆಯ ಹೊತ್ತು, ನಿದ್ದೆ, ಆಯಾಸ ಎಲ್ಲ ಹದಕ್ಕೆ ಬರುತ್ತವೆ. ಜೊತೆಗೆ ಬರುವ ಸಹಾಯಕರಿಗೂ ಕಾಲ್ ಟೈಮ್, ಊಟ, ಗಾಡಿ ಇರಲಿ.

ವೀಲ್‌ಚೇರ್‌ನಿಂದ ಬೀಳುವ ದೃಶ್ಯ ಇದ್ದರೆ ನಟರ ಸ್ವಂತ ಚೇರ್ ಬಳಸಲೇಬೇಡಿ. ಅದನ್ನು ಅವರ ದೇಹದ ಅಳತೆಗೆ ಮಾಡಿರುತ್ತಾರೆ. ಮುರಿದರೆ ಅಂಗಡಿಗೆ ಹೋಗಿ ಇನ್ನೊಂದು ತರುವ ಹಾಗಿಲ್ಲ. ಅದೇ ತರಹ ಕಾಣುವ ಬೇರೆ ಚೇರ್ ತನ್ನಿ, ಸ್ಟಂಟ್ ಗೊತ್ತಿರುವವರನ್ನು ಕರೆಯಿರಿ. ಇನ್ನು ಯಾರ ಚೇರನ್ನೂ ಕೇಳದೆ ಮುಟ್ಟಬಾರದು, ಜರುಗಿಸಬಾರದು, ಅದರ ಹಿಡಿಗೆ ಕೇಬಲ್ ನೇತು ಹಾಕಬಾರದು. ನಗಬೇಡಿ, ಕೇಬಲ್ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಸನ್ನೆ ಭಾಷೆಯ ದೃಶ್ಯಕ್ಕೆ ಕತ್ತಲೇ ವೈರಿ. ಕೈ ಕಾಣದಿದ್ದರೆ ಮಾತೇ ಇಲ್ಲ. ಇದನ್ನು ಕಥೆಗೇ ಬಳಸಿಕೊಳ್ಳಿ: ಫ್ರಿಜ್ ಬಾಗಿಲು ತೆರೆದರೆ ಮಾತ್ರ ಇಬ್ಬರೂ ಮಾತಾಡಬಹುದು, ಬೆಳಕು ಮಾಡಿದರೆ ಹೊರಗಿನವನಿಗೆ ಕಾಣುತ್ತೆ. ಫ್ರೇಮ್ ತಲೆಯಿಂದ ಸೊಂಟದವರೆಗೆ ಇರಲಿ. ಮುಖದ ಕ್ಲೋಸಪ್‌ಗೆ ಹಾರಿದರೆ ಅರ್ಧ ವಾಕ್ಯ ಫ್ರೇಮಿನ ಹೊರಗೆ ಹೋಗುತ್ತೆ. ಕಿವಿ ಕೇಳದ ನಟರಿಗೆ 'ಆ್ಯಕ್ಷನ್' ಅಂತ ಕೂಗಿ ಪ್ರಯೋಜನವಿಲ್ಲ. ಕೈ ಬೀಸಿ, ಅಥವಾ ಫ್ರೇಮ್ ಆಚೆ ಸಣ್ಣ ದೀಪ ಹಚ್ಚಿ ಆರಿಸಿ. ದಿನವಿಡೀ ಕೆಲಸ ಇದ್ದರೆ ದುಭಾಷಿಗಳು ಇಬ್ಬರು ಬೇಕು, ಸುಮಾರು 20 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಒಬ್ಬರನ್ನೇ ಎಂಟು ಗಂಟೆ ದುಡಿಸಿದರೆ ಸಂಜೆಗೆ ನಿಮ್ಮ ನಿರ್ದೇಶನ ಅರ್ಧವೂ ತಲುಪುವುದಿಲ್ಲ.

ಕ್ಯಾಮೆರಾ ಎತ್ತರದ ಬಗ್ಗೆ ಒಂದೇ ಮಾತು. ವೀಲ್‌ಚೇರ್‌ನಲ್ಲಿರುವ ಪಾತ್ರವನ್ನು ಸದಾ ನಿಂತವರ ಕಣ್ಣಿಂದ, ಮೇಲಿನಿಂದ ಹಿಡಿದರೆ ಸ್ಕ್ರಿಪ್ಟ್‌ನಲ್ಲಿ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಅವರ ಕಣ್ಣಿನ ಮಟ್ಟಕ್ಕೆ ಇಳಿಸಿ. ಆ ಎತ್ತರದಿಂದ ನೋಡಿದರೆ ಬಾಗಿಲ ಹಿಡಿಕೆ, ಮೇಜಿನ ಅಡಿ, ನಿಂತವರ ಕೈಗಳು ಎಷ್ಟು ಬೇರೆ ಕಾಣುತ್ತವೆ ನೋಡಿ.

7. ಎಡಿಟಿಂಗ್: ಕ್ಯಾಪ್ಷನ್ ಕೂಡ ಹೆದರಿಸಬೇಕು

ಕ್ಯಾಪ್ಷನ್ (ಮಾತು, ಸದ್ದು ಎರಡನ್ನೂ ತೆರೆಯ ಮೇಲೆ ಅಕ್ಷರದಲ್ಲಿ ತೋರಿಸುವ ಸಾಲು) ಅಂದರೆ ಕೊನೆಗೆ ಯಾರಿಗೋ ಒಪ್ಪಿಸುವ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾರರ್‌ನಲ್ಲಿ ಅರ್ಧ ಭಯ ಸದ್ದಿನದು. ಆ ಸದ್ದು ಕೇಳದ ಪ್ರೇಕ್ಷಕರಿಗೆ ನೀವು ಬರೆಯುವ ಸಾಲೇ ಸೌಂಡ್ ಡಿಸೈನ್.

'ಭಯಾನಕ ಸಂಗೀತ' ಅಂತ ಬರೆಯಬೇಡಿ, ಅದು ಏನನ್ನೂ ಹೇಳುವುದಿಲ್ಲ. 'ಪಿಟೀಲಿನ ಒಂದೇ ಸ್ವರ, ಎಳೆದಷ್ಟೂ ಸಣ್ಣಗಾಗುತ್ತಿದೆ' ಅಂತ ಬರೆಯಿರಿ. 'ಸದ್ದು' ಅಂತ ಬರೆಯಬೇಡಿ. 'ಮೇಲಿನ ಕೋಣೆಯಲ್ಲಿ ಮರ ಕಿರುಗುಟ್ಟುತ್ತದೆ' ಅನ್ನಿ. ಸದ್ದು ನಿಂತದ್ದನ್ನೂ ಬರೆಯಬೇಕು. 'ಫ್ಯಾನಿನ ಸದ್ದು ನಿಲ್ಲುತ್ತದೆ' ಅನ್ನುವ ಸಾಲು ಖಾಲಿ ಫ್ರೇಮಿನ ಮೇಲೆ ಬಂದಾಗ ಮೈ ಜುಮ್ಮೆನ್ನುತ್ತೆ.

ಹೊತ್ತು ಇನ್ನೂ ಮುಖ್ಯ. ಬಾಗಿಲು ಬಡಿಯುವ ಅರ್ಧ ಸೆಕೆಂಡ್ ಮೊದಲೇ 'ಬಾಗಿಲು ಧಡ್ ಎಂದು ಬಡಿಯುತ್ತದೆ' ಅಂತ ಬಂದರೆ ಹೆದರಿಕೆ ಅಲ್ಲೇ ಸತ್ತಿತು. ಸದ್ದಿನ ಫ್ರೇಮಿಗೇ ಸರಿಯಾಗಿ ಕೂರಿಸಿ. ಕತ್ತಲಿಂದ ಬಂದ ದನಿ ಯಾರದ್ದು ಅಂತ ಕಥೆ ಇನ್ನೂ ಹೇಳಿಲ್ಲದಿದ್ದರೆ ಕ್ಯಾಪ್ಷನ್‌ನಲ್ಲಿ ಹೆಸರು ಹಾಕಬೇಡಿ. 'ಗಂಡಸಿನ ದನಿ' ಸಾಕು. ಇದೊಂದು ತಪ್ಪಿನಿಂದ ನನ್ನದೇ ಚಿತ್ರದ ಕೊಲೆಗಾರ ಒಂಬತ್ತನೇ ನಿಮಿಷಕ್ಕೆ ಸಿಕ್ಕಿಬಿದ್ದ. ಕಿವಿ ಕೇಳುವವರು ಹದಿನೆಂಟರವರೆಗೆ ಕಾದರು.

ಆಡಿಯೋ ಡಿಸ್ಕ್ರಿಪ್ಷನ್ ಬೇರೆ ಕಸುಬು. ಮಾತುಗಳ ನಡುವಿನ ಖಾಲಿ ಜಾಗದಲ್ಲಿ ತೆರೆಯ ಮೇಲೆ ಏನಾಗುತ್ತಿದೆ ಅಂತ ಹೇಳುವ ದನಿ ಅದು. ಎಡಿಟ್ ಮಾಡುವಾಗಲೇ ಆ ಜಾಗ ಬಿಡಿ. ಬೆಚ್ಚಿಬೀಳಿಸುವ ಶಾಟ್ ಮೇಲೆ ದನಿ ಹತ್ತಬಾರದು. ಮೊದಲು ಸದ್ದು ಬೀಳಲಿ, ಆಮೇಲೆ 'ಕಪಾಟಿನಿಂದ ಒಂದು ಕೈ' ಅಂತ ಚಿಕ್ಕದಾಗಿ ಹೇಳಲಿ. ಕಣ್ಣು ಕಾಣದವರೊಬ್ಬರಿಗೆ ಕೇಳಿಸಿ, ಎಲ್ಲಿ ಬೆಚ್ಚಿದರು, ಎಲ್ಲಿ ಬೇಸರವಾಯಿತು ಬರೆದುಕೊಳ್ಳಿ.

ಕೊನೆಗೆ ಮಿನುಗುವ ಬೆಳಕು. ಕೆಲವರಿಗೆ ಅದರಿಂದ ಫಿಟ್ಸ್ ಬರುತ್ತೆ. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಜೋರಾಗಿ ಮಿನುಗಿತು. ಸುಮಾರು 700 ಜನ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. ವೆಬ್‌ಸೈಟ್‌ಗಳನ್ನು ಅಂಗವಿಕಲರೂ ಬಳಸುವಂತೆ ಮಾಡಲು ಇರುವ ಮಾನದಂಡ ಹೇಳುವುದು ಒಂದು ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿನುಗು ಬೇಡ ಅಂತ. 24 ಫ್ರೇಮ್‌ನ ಟೈಮ್‌ಲೈನ್‌ನಲ್ಲಿ ಇದು ಸುಲಭದ ಲೆಕ್ಕ: ಒಂದು ಮಿನುಗಿನಿಂದ ಮುಂದಿನದಕ್ಕೆ ಕನಿಷ್ಠ ಎಂಟು ಫ್ರೇಮ್. ಗಾಢ ಕೆಂಪು ಇನ್ನೂ ಅಪಾಯ, ಅದನ್ನು ಬಿಟ್ಟೇಬಿಡಿ. ಟ್ಯೂಬ್‌ಲೈಟ್ ಪಟಪಟ ಅನ್ನುವ ಶಾಟ್ ಬೇಕೇ ಬೇಕಾದರೆ ನಿಧಾನ ಮಾಡಿ. ನಿಧಾನವಾಗಿ ಆರುವ ಟ್ಯೂಬ್‌ಲೈಟ್ ನನಗಂತೂ ಜಾಸ್ತಿ ದಿಗಿಲು ಹುಟ್ಟಿಸುತ್ತೆ. ಉಳಿದ ಮಿನುಗು ಏನಿದ್ದರೂ ಚಿತ್ರದ ಮೊದಲಲ್ಲಿ ಎಚ್ಚರಿಕೆ ಹಾಕಿ, ಟ್ರೇಲರ್‌ಗೂ ಹಾಕಿ.

8. ಪೋಸ್ಟರ್, ಸ್ಕ್ರೀನಿಂಗ್

ಚಿತ್ರದಲ್ಲಿ ಇಷ್ಟೆಲ್ಲ ಎಚ್ಚರ ವಹಿಸಿ, ಥಂಬ್‌ನೇಲ್‌ಗೆ ಮಾತ್ರ ಖಾಲಿ ವೀಲ್‌ಚೇರ್ ಮೇಲೆ ಕೆಂಪು ಬೆಳಕು ಬಿಟ್ಟು ಹಾಕುವವರಿದ್ದಾರೆ. ಪೋಸ್ಟರ್ ಮಾಡುವವರಿಗೆ ಸ್ಕ್ರಿಪ್ಟ್ ಓದಿಸಿ. ಪೋಸ್ಟರ್ ಚಿತ್ರದ ಜೊತೆ, ಕಣ್ಣು ಕಾಣದವರಿಗಾಗಿ, ಅದರ ವಿವರಣೆಯನ್ನೂ ಬರೆದು ಹಾಕಿ. ಫೆಸ್ಟಿವಲ್‌ಗೆ ಕಳಿಸುವಾಗ ಕ್ಯಾಪ್ಷನ್ ಇರುವ ಪ್ರತಿಯನ್ನೇ ಮುಖ್ಯ ಪ್ರತಿ ಅಂತ ಕಳಿಸಿ. ಬೇರೆ ಕೊಟ್ಟರೆ ಬೇರೆಯಾಗೇ ಉಳಿಯುತ್ತೆ.

ಸ್ಕ್ರೀನಿಂಗ್ ಜಾಗವನ್ನೂ ಲೊಕೇಶನ್ ಹಾಗೆಯೇ ಟೇಪ್ ಹಿಡಿದು ನೋಡಿ. ವೀಲ್‌ಚೇರ್ ಜಾಗ ಮೊದಲ ಸಾಲಿನ ಮೂಲೆಯಲ್ಲಿ ಮಾತ್ರವಾ? ಜೊತೆಗೆ ಬಂದವರು ಪಕ್ಕದಲ್ಲೇ ಕೂರಬಹುದಾ? ಚಿತ್ರ ಮುಗಿದ ಮೇಲೆ ತಂಡವನ್ನು ವೇದಿಕೆಗೆ ಕರೆಯುತ್ತಾರೆ, ಅಲ್ಲಿ ಐದು ಮೆಟ್ಟಿಲು ಇರುತ್ತವೆ, ಮುಖ್ಯ ನಟಿ ಕೆಳಗೆ ಉಳಿಯುತ್ತಾರೆ. ಹಿಂದಿನ ದಿನವೇ ಆಯೋಜಕರಿಗೆ ಹೇಳಿ ರ‍್ಯಾಂಪ್ ಹಾಕಿಸಿ. ಆಗದಿದ್ದರೆ ಮೈಕ್ ಕೆಳಗೆ ತರಿಸಿಕೊಂಡು ಇಡೀ ತಂಡ ಪರದೆಯ ಮುಂದೆ ನೆಲದ ಮೇಲೇ ನಿಂತು ಮಾತಾಡಿ.